ಮನೆಯ ಬೆಲೆ ಕಟ್ಟುವ ಬಗೆ

ಪ್ರತಿ ವರ್ಷ ಏಪ್ರಿಲ್ ತಿಂಗಳು ಬಂತೆಂದರೆ ರಾಜ್ಯದ ಪುರಸಭೆಗಳಲ್ಲಿ ಆಸ್ತಿ ತೆರಿಗೆಯ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಹಾವೇರಿ ಜಿಲ್ಲೆಯ ಸವಣೂರು ಪುರಸಭೆಯೂ ಇದಕ್ಕೆ ಹೊರತಲ್ಲ. ಮನೆಯ ಒಡೆಯರು ರಶೀದಿ ಪಡೆದು, ಅದನ್ನು ಹಳೆಯ ರಶೀದಿಗಳ ಕಟ್ಟಿನೊಳಗೆ ಜೋಪಾನವಾಗಿ ಇಡುತ್ತಾರೆ. ಆದರೆ ಅದರಲ್ಲಿ ಬರೆದ ಮೊತ್ತ ಹೇಗೆ ಬಂತು, ಪಕ್ಕದ ಮನೆಗೆ ಕಡಿಮೆ ಬಿದ್ದು ತಮ್ಮ ಮನೆಗೆ ಹೆಚ್ಚು ಬಿದ್ದದ್ದೇಕೆ ಎಂಬುದನ್ನು ಬಲ್ಲವರು ವಿರಳ. ಮನೆಯನ್ನು ಅಳೆಯುವ ಕೋಲು ಕಾಲಕಾಲಕ್ಕೆ ಬದಲಾಗಿದೆ. ಕೋಲು ಬದಲಾದಾಗಲೆಲ್ಲ ಊರಿನ ಭಾರ ಹೊರುವ ಹೆಗಲುಗಳೂ ಬದಲಾಗಿವೆ. ಮನೆ ತೆರಿಗೆಯ ಇತಿಹಾಸದ ತಿರುಳು ಇದೇ ಎನ್ನಬಹುದು.

ಹತ್ತು, ಏಳು, ಐದು, ಮೂರು

ಮನೆಗೆ ತೆರಿಗೆ ಹಾಕುವುದು ಬ್ರಿಟಿಷರು ತಂದ ಪದ್ಧತಿ ಎಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ‘ತೆರಿಗೆ’ ಎಂಬ ಮಾತು ‘ತೆರು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದದ್ದು. ನಾಡಿನ ಶಾಸನಗಳಲ್ಲಿ ಮನೆದೆರೆ, ಮಗ್ಗದೆರೆ, ಗಾಣದೆರೆಗಳ ಹೆಸರು ಮತ್ತೆ ಮತ್ತೆ ಬರುತ್ತದೆ.

ಇದಕ್ಕೆ ಬಹಳ ಹಳೆಯ ಸಾಕ್ಷಿಯೊಂದು ಸವಣೂರಿಗೆ ಸಮೀಪದಲ್ಲೇ ಇದೆ. ಇಂದು ಗದಗ ಜಿಲ್ಲೆಗೆ ಸೇರಿರುವ ಲಕ್ಷ್ಮೇಶ್ವರದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನ ಶಾಸನ ದೊರೆತಿದೆ. ವಿದ್ವಾಂಸರು ಇದನ್ನು ಸುಮಾರು ಕ್ರಿ.ಶ. 725ರದೆಂದು ಗುರುತಿಸುತ್ತಾರೆ. ಆಗ ಪೊರಿಗೆರೆ ಎನಿಸಿಕೊಂಡಿದ್ದ ಆ ಪಟ್ಟಣದ ಮಹಾಜನರಿಗೆ, ನಗರದವರಿಗೆ ಹಾಗೂ ಹದಿನೆಂಟು ಪ್ರಕೃತಿಗಳಿಗೆ ಯುವರಾಜ ಕೊಟ್ಟ ‘ಆಚಾರ ವ್ಯವಸ್ಥೆ’ಯೇ ಈ ಶಾಸನದ ವಿಷಯ. ವೈಶಾಖ ಮಾಸದಲ್ಲಿ ಪ್ರತಿ ಮನೆಯವರೂ ದೇಶಾಧಿಪತಿಗೆ ತೆರಿಗೆ ಕೊಡಬೇಕು ಎನ್ನುತ್ತದೆ ಅದು. ಆದರೆ ಎಲ್ಲರಿಗೂ ಒಂದೇ ದರವಲ್ಲ. ಮೇಲ್ದರ್ಜೆಯ ಕುಟುಂಬಕ್ಕೆ ಹತ್ತು ಪಣ, ಅದಕ್ಕಿಂತ ಕೆಳಗಿನವರಿಗೆ ಏಳು, ಮಧ್ಯಮರಿಗೆ ಐದು, ಕೊನೆಯವರಿಗೆ ಮೂರು ಪಣ.

ಶಾಸನ ಇಷ್ಟಕ್ಕೇ ನಿಲ್ಲುವುದಿಲ್ಲ. ರಾಜಪುರುಷರ ಕರ್ತವ್ಯವೇನೆಂಬುದನ್ನೂ ಹೇಳುತ್ತದೆ. ವಾಸವಿಲ್ಲದ ಮನೆಗಳನ್ನು ಅವರು ಕಾಯಬೇಕು. ರಾಜದತ್ತಿ, ತಾಮ್ರಶಾಸನಗಳನ್ನೂ, ಜನರು ಅನುಭವಿಸುತ್ತ ಬಂದ ಸ್ವತ್ತಿನ ಭೋಗವನ್ನೂ ರಕ್ಷಿಸಬೇಕು. ಎಂದರೆ ಮನೆದೆರೆಯ ಜೊತೆಗೇ ಮನೆಯ ಭದ್ರತೆಯ ಭರವಸೆಯೂ ಒಂದೇ ಕಲ್ಲಿನಲ್ಲಿ ಕೊರೆಯಲ್ಪಟ್ಟಿತ್ತು. ಇಲ್ಲಿ ಅಳತೆಗೋಲು ಮನೆಯ ಗೋಡೆಯಲ್ಲ, ಬಾಡಿಗೆಯೂ ಅಲ್ಲ. ಒಳಗಿರುವ ಕುಟುಂಬದ ಸ್ಥಿತಿ. ಊರು ಚಿಕ್ಕದು, ಯಾರ ಸ್ಥಿತಿ ಎಂಥದೆಂಬುದು ಎಲ್ಲರಿಗೂ ಗೊತ್ತು. ಅಂಥ ಕಡೆ ಈ ಪದ್ಧತಿ ನಡೆಯಬಲ್ಲದು. ಊರು ಬೆಳೆದು, ನೆರೆಮನೆಯವರು ಅಪರಿಚಿತರಾದಾಗ ಕಣ್ಣಿಗೆ ಕಾಣುವ ಬೇರೆ ಗುರುತು ಬೇಕಾಗುತ್ತದೆ.

ಕಿಟಕಿಯಿಂದ ಬಾಡಿಗೆಗೆ

ಇಂಗ್ಲೆಂಡಿನ ಸರ್ಕಾರ 1696ರಲ್ಲಿ ಅಂಥ ಗುರುತಾಗಿ ಆರಿಸಿಕೊಂಡದ್ದು ಕಿಟಕಿಯನ್ನು. ಅಧಿಕಾರಿ ಬೀದಿಯಲ್ಲೇ ನಿಂತು ಕಿಟಕಿಗಳನ್ನು ಎಣಿಸಿ ತೆರಿಗೆ ಬರೆಯಬಹುದಿತ್ತು. ಪರಿಣಾಮವಾಗಿ ಜನರು ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಬೆಳಕು, ಗಾಳಿಗಳಿಗೇ ಸುಂಕ ಹಾಕಿದಂತಾದ ಈ ತೆರಿಗೆ 1851ರವರೆಗೂ ಉಳಿಯಿತು.

ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ 1810ರಲ್ಲಿ ಹೇರಿದ ಮನೆ ತೆರಿಗೆಗೆ ಬನಾರಸದ ಜನರು ಕೊಟ್ಟ ಉತ್ತರ ಪ್ರಸಿದ್ಧವಾದದ್ದು. ಅವರು ಅಂಗಡಿ ಮುಂಗಟ್ಟುಗಳನ್ನು ಮುಚ್ಚಿ, ಮನೆ ಬಿಟ್ಟು ಬಯಲಿನಲ್ಲಿ ಧರಣಿ ಕುಳಿತರು. ಕೊನೆಗೆ ಕಂಪನಿ ಆ ತೆರಿಗೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ದೂರದ ಸರ್ಕಾರ ತನ್ನ ಬೊಕ್ಕಸಕ್ಕಾಗಿ ಮನೆಯೊಳಗೆ ಕೈ ಹಾಕುವುದನ್ನು ಜನ ಸಹಿಸರು ಎಂಬ ಪಾಠ ಆಳುವವರಿಗೆ ದೊರೆಯಿತು.

ಆನಂತರ ಬಂದದ್ದು ಪುರಸಭೆಗಳ ಕಾಲ. 1850ರ ಕಾಯ್ದೆಯ ಮೂಲಕ ಊರಿನವರೇ ಬಯಸಿದರೆ ಪುರಸಭೆ ಸ್ಥಾಪಿಸಿ, ದೀಪ, ರಸ್ತೆ, ಚರಂಡಿಗಳಿಗಾಗಿ ತೆರಿಗೆ ಎತ್ತಲು ಅವಕಾಶವಾಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ ಪುರಸಭೆಗಳು ಬಂದವು. ಊರಲ್ಲಿ ಎತ್ತಿದ ಹಣ ಊರಿಗೇ ಎಂಬುದು ಹೊಸ ತತ್ತ್ವ.

ಸವಣೂರಿನ ದಾರಿ ಬೇರೆಯಾಗಿತ್ತು. ಅದು ನವಾಬರ ಸಂಸ್ಥಾನ. ಸುತ್ತಲೂ ಕಂದಕ, ಎಂಟು ಬಾಗಿಲುಗಳಿದ್ದ ಪಟ್ಟಣ. ಬ್ರಿಟಿಷ್ ಪ್ರಾಂತದ ಕಾಯ್ದೆಗಳು ಅಲ್ಲಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಸಂಸ್ಥಾನ 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಗಿ ಧಾರವಾಡ ಜಿಲ್ಲೆಗೆ ಸೇರಿತು. 1956ರ ಏಕೀಕರಣದಿಂದ ಅಂದಿನ ಮೈಸೂರು ರಾಜ್ಯಕ್ಕೂ, 1997ರಲ್ಲಿ ಹೊಸ ಹಾವೇರಿ ಜಿಲ್ಲೆಗೂ ಬಂತು. ಮುಂಬಯಿ, ಹೈದರಾಬಾದ್, ಮೈಸೂರು, ಮದರಾಸುಗಳ ಬೇರೆ ಬೇರೆ ಪದ್ಧತಿಗಳಲ್ಲಿ ನಡೆಯುತ್ತಿದ್ದ ಪಟ್ಟಣಗಳಿಗೆಲ್ಲ ಒಂದೇ ಚೌಕಟ್ಟು ಕೊಟ್ಟದ್ದು 1964ರ ಪುರಸಭೆಗಳ ಕಾಯ್ದೆ. ಸವಣೂರಿನ ಮನೆ ತೆರಿಗೆ ಇಂದಿಗೂ ಅದರ ಅಡಿಯಲ್ಲೇ ನಡೆಯುತ್ತದೆ.

ಬಾಡಿಗೆಯ ಲೆಕ್ಕದ ತೊಡಕು

ಹಳೆಯ ಪದ್ಧತಿಯಲ್ಲಿ ತೆರಿಗೆಗೆ ಆಧಾರ ವಾರ್ಷಿಕ ಬಾಡಿಗೆ ಮೌಲ್ಯ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಎಂದು ಅಂದಾಜು ಮಾಡಿ, ದುರಸ್ತಿಯ ಖರ್ಚಿಗೆಂದು ಒಂದಿಷ್ಟು ಕಳೆದು, ಉಳಿದದ್ದರ ಮೇಲೆ ತೆರಿಗೆ ಗೊತ್ತುಮಾಡುತ್ತಿದ್ದರು. ಬಾಡಿಗೆ ಮನೆಗಳು ಹೆಚ್ಚಿರುವ ನಗರದಲ್ಲಿ ಇದು ಸರಿ. ಬಹುಪಾಲು ಜನ ಸ್ವಂತ ಮನೆಯಲ್ಲೇ ಇರುವ ಊರಿನಲ್ಲಿ, ಎಂದೂ ಬಾಡಿಗೆಗೆ ಹೋಗದ ತೊಟ್ಟಿಮನೆಯ ಬಾಡಿಗೆ ಎಷ್ಟೆಂದು ಹೇಳುವವರು ಯಾರು? ಅದನ್ನು ಗೊತ್ತುಮಾಡುವ ಅಧಿಕಾರ ಅಳೆಯಲು ಬಂದ ನೌಕರನ ಮರ್ಜಿಗೆ ಬಿದ್ದಿತು. ಪರಿಚಯವಿದ್ದವರಿಗೆ ಒಂದು ಲೆಕ್ಕ, ಇಲ್ಲದವರಿಗೆ ಇನ್ನೊಂದು ಲೆಕ್ಕ ಎಂಬ ಗುಮಾನಿಗೆ ಬೇರು ಇಲ್ಲಿದೆ.

ಬಾಡಿಗೆ ನಿಯಂತ್ರಣ ಕಾನೂನು ಇನ್ನೊಂದು ಗಂಟು ಹಾಕಿತು. ಬಾಡಿಗೆದಾರರ ರಕ್ಷಣೆಗಾಗಿ ಸರ್ಕಾರ ಬಾಡಿಗೆಗೆ ಮಿತಿ ಹಾಕಿದ್ದರೆ, ತೆರಿಗೆಯ ಲೆಕ್ಕವೂ ಆ ಮಿತಿಯನ್ನು ಮೀರುವಂತಿಲ್ಲ ಎಂದು ಗುಂಟೂರು ಪುರಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1970ರಲ್ಲಿ ತೀರ್ಪು ಕೊಟ್ಟಿತು. ಇದರಿಂದ ಪೇಟೆಯ ನಡುವಿನ ಹಳೆಯ ಕಟ್ಟಡ ಅಲ್ಪ ತೆರಿಗೆಯಲ್ಲೇ ಉಳಿಯಿತು. ಊರಾಚೆ ಸಾಲ ಮಾಡಿ ಹೊಸ ಮನೆ ಕಟ್ಟಿದವರ ಮೇಲೆ ಹೆಚ್ಚು ಭಾರ ಬಿತ್ತು.

ಆದರೂ ಬಹಳ ಕಾಲ ಪುರಸಭೆಗಳು ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಊರ ಹೊರಗಿನ ನಾಕಾದಲ್ಲಿ ಸರಕಿನ ಮೇಲೆ ವಸೂಲಾಗುತ್ತಿದ್ದ ಜಕಾತಿಯೇ ಅವುಗಳ ಮುಖ್ಯ ಆದಾಯವಾಗಿತ್ತು. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ರದ್ದಾಯಿತು. ಲಾರಿಗಳ ಓಡಾಟ ಸುಗಮವಾಯಿತು ನಿಜ. ಆದರೆ ಪುರಸಭೆಗಳು ಸರ್ಕಾರದ ಅನುದಾನದ ದಾರಿ ಕಾಯುವಂತಾದವು. ತಮ್ಮದೇ ಎನ್ನಬಹುದಾದ ದೊಡ್ಡ ತೆರಿಗೆಯಾಗಿ ಉಳಿದದ್ದು ಆಸ್ತಿ ತೆರಿಗೆಯೊಂದೇ.

ಈಗಿನ ಲೆಕ್ಕ

ಬದಲಾವಣೆಗೆ ದಾರಿ ತೋರಿದ್ದು ಪಟ್ನಾ ನಗರ. ಅಲ್ಲಿ 1993ರಲ್ಲಿ ಬಡಾವಣೆ, ರಸ್ತೆ, ಕಟ್ಟಡದ ಬಗೆ, ಬಳಕೆಗಳನ್ನು ನೋಡಿ ಚದರ ಅಡಿಯ ಲೆಕ್ಕದಲ್ಲಿ ತೆರಿಗೆ ಹಾಕುವ ಕ್ರಮ ಬಂತು. 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಆರಂಭವಾಯಿತು. ಅನಂತರ ರಾಜ್ಯದ ಇತರ ನಗರ, ಪಟ್ಟಣಗಳೂ ಸ್ವಯಂ ಘೋಷಣೆಗೆ ಬಂದವು. ಆದರೆ ಅಲ್ಲಿ ಆಧಾರವಾದದ್ದು ಬಾಡಿಗೆಯಲ್ಲ, ಆಸ್ತಿಯ ಬಂಡವಾಳ ಮೌಲ್ಯ.

ಈ ಲೆಕ್ಕದ ಮೆಟ್ಟಿಲುಗಳು ಸರಳವಾಗಿವೆ. ಮೊದಲು ನಿವೇಶನದ ವಿಸ್ತೀರ್ಣ. ಅದನ್ನು ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯಿಂದ ಗುಣಿಸಬೇಕು. ಆಸ್ತಿ ಕೊಂಡಾಗ ಮುದ್ರಾಂಕ ಶುಲ್ಕಕ್ಕೆ ಆಧಾರವಾಗುವ ಬೆಲೆಯೇ ಇದು. ಎರಡನೆಯದು ಕಟ್ಟಡದ ಬೆಲೆ. ಇದು ಆರ್‌ಸಿಸಿ ಮನೆಯೇ, ಹೆಂಚಿನ ಮನೆಯೇ, ಮಣ್ಣಿನ ಗೋಡೆಯದೇ ಎಂಬುದರ ಮೇಲೆ ನಿಲ್ಲುತ್ತದೆ. ಮನೆಗೆ ವಯಸ್ಸಾದಂತೆ ಸವಕಳಿ ಕಳೆಯಬೇಕು. ಇವೆರಡೂ ಸೇರಿದ ಮೌಲ್ಯದಲ್ಲಿ ಕಾನೂನು ಹೇಳಿದ ಭಾಗ ಮಾತ್ರ ತೆರಿಗೆಗೆ ಒಳಪಡುತ್ತದೆ. ಅದರ ಮೇಲಿನ ಶೇಕಡಾವಾರು ದರವನ್ನು ಕಾನೂನಿನ ಮಿತಿಯೊಳಗೆ ಪುರಸಭೆ ಗೊತ್ತುಮಾಡುತ್ತದೆ. ವಾಸಕ್ಕೆ ಒಂದು ದರ, ವ್ಯಾಪಾರಕ್ಕೆ ಬೇರೆ ದರ, ಖಾಲಿ ನಿವೇಶನಕ್ಕೆ ಮತ್ತೊಂದು.

ಉದಾಹರಣೆಗೆ ಒಂದು ಮನೆಯ ತೆರಿಗೆಗೆ ಒಳಪಡುವ ಮೌಲ್ಯ ಎರಡು ಲಕ್ಷ ರೂಪಾಯಿ, ದರ ನೂರು ರೂಪಾಯಿಗೆ ಐವತ್ತು ಪೈಸೆ ಎಂದುಕೊಳ್ಳೋಣ. ತೆರಿಗೆ 1,000 ರೂಪಾಯಿ ಆಗುತ್ತದೆ. ಇದರ ಮೇಲೆ ಉಪಕರಗಳುಂಟು. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಒಟ್ಟು 240 ರೂಪಾಯಿ. ಇತ್ತೀಚಿನ ವರ್ಷಗಳಲ್ಲಿ ನಗರ ಸಾರಿಗೆಯ ಹೆಸರಿನ ಉಪಕರವೂ ಸೇರಿದೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ತೆರಿಗೆಯಲ್ಲಿ ಶೇ. 5ರ ರಿಯಾಯಿತಿ, ಅಂದರೆ 50 ರೂಪಾಯಿ ಉಳಿತಾಯ. ಜೂನ್ ದಾಟಿದರೆ ತಿಂಗಳಿಗೆ ಶೇ. 2ರಂತೆ ದಂಡ. ಊರಿನ ವಾಚನಾಲಯಕ್ಕೆ ಬರುವ ಪತ್ರಿಕೆಯಲ್ಲಿ ಮನೆ ಮನೆಯ ಕೆಲವು ಪೈಸೆಗಳು ಹೀಗೆ ಸೇರಿರುತ್ತವೆ.

ಈ ಕ್ರಮದಲ್ಲಿ ನೌಕರನ ಮರ್ಜಿ ಕಡಿಮೆಯಾಯಿತು. ಲೆಕ್ಕವನ್ನು ಮನೆಯ ಒಡೆಯನೇ ಮಾಡಿ ನೋಡಬಹುದು. ಆದರೆ ಹೊಸ ಪ್ರಶ್ನೆಯೊಂದು ಎದ್ದಿತು. ಮೊದಲು ಮೂರು ವರ್ಷಕ್ಕೊಮ್ಮೆ ತೆರಿಗೆಯನ್ನು ಕನಿಷ್ಠ ಶೇ. 15ರಷ್ಟು ಏರಿಸುವ ನಿಯಮವಿತ್ತು. 2021ರ ತಿದ್ದುಪಡಿಯ ನಂತರ ಚಾಲ್ತಿಯಲ್ಲಿರುವ ಮಾರ್ಗಸೂಚಿ ಬೆಲೆಯೇ ಆಧಾರವಾಯಿತು. ರಸ್ತೆ ಅಗಲವಾಯಿತು, ಬದಿಯ ನಿವೇಶನಗಳು ದುಬಾರಿಯಾದವು ಎನ್ನೋಣ. ಆ ಸಾಲಿನ ಹಳೆಯ ಹೆಂಚಿನ ಮನೆಯಲ್ಲಿ ಪಿಂಚಣಿಯ ಮೇಲೆ ಬದುಕುವ ವೃದ್ಧೆಯ ತೆರಿಗೆಯೂ ಏರುತ್ತದೆ. ಅವರ ಆದಾಯ ಮಾತ್ರ ಏರಿರುವುದಿಲ್ಲ. ಗೋಡೆಯ ಸವಕಳಿಯನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮನೆಯೊಳಗಿನವರ ದುಡಿಮೆಯ ಸವಕಳಿಯನ್ನು ತೆಗೆದುಕೊಳ್ಳುವುದಿಲ್ಲ. ಕುಟುಂಬದ ಸ್ಥಿತಿ ನೋಡಿದ ಪೊರಿಗೆರೆಯ ನಾಲ್ಕು ದರ್ಜೆಗಳಲ್ಲಿ ಇದ್ದ ಗುಣ ಇಲ್ಲಿಲ್ಲ. ಅಂದಿನ ಅಂದಾಜಿನ ಕುಂದು ಇಲ್ಲಿಲ್ಲ ಎಂಬುದೂ ಅಷ್ಟೇ ನಿಜ.

ಪುಸ್ತಕದಲ್ಲಿ ಹೆಸರು

ತೆರಿಗೆ ರಶೀದಿಗೆ ಜನರು ಕೊಡುವ ಬೆಲೆ ಅದರ ಮೊತ್ತಕ್ಕಿಂತ ಬಹಳ ಹೆಚ್ಚು. ಬ್ಯಾಂಕಿನ ಸಾಲ, ನಳದ ಜೋಡಣೆ, ವಿದ್ಯುತ್ತು, ವಿಳಾಸದ ಪುರಾವೆ ಎಲ್ಲದಕ್ಕೂ ಅದು ಬೇಕು. ಆದರೆ ಕಾನೂನಿನ ಮಾತು ಬೇರೆ. ಪುರಸಭೆಯ ಪುಸ್ತಕದಲ್ಲಿ ಹೆಸರಿರುವುದು ಯಾರಿಂದ ತೆರಿಗೆ ಪಡೆಯಬೇಕೆಂದು ತಿಳಿಯಲು ಮಾತ್ರ. ಖಾತೆಯ ನಮೂದು ಮಾಲೀಕತ್ವವನ್ನು ಕೊಡುವುದಿಲ್ಲ ಎಂದು ನ್ಯಾಯಾಲಯಗಳು ಹಲವು ಸಲ ಹೇಳಿವೆ. ಅದಕ್ಕೆ ಖರೀದಿ ಪತ್ರ, ವಾರಸಾ ಹಕ್ಕಿನಂಥ ಬೇರೆ ಆಧಾರ ಬೇಕು. ಅನಧಿಕೃತ ಕಟ್ಟಡಕ್ಕೂ ತೆರಿಗೆ ಹಾಕಬಹುದು. ಹಾಗೆ ತೆತ್ತ ಮಾತ್ರಕ್ಕೆ ಕಟ್ಟಡ ಸಕ್ರಮವಾಗದು. 2025ರಲ್ಲಿ ರಾಜ್ಯದ ನಗರ, ಪಟ್ಟಣಗಳಲ್ಲಿ ಇಂಥ ಸ್ವತ್ತುಗಳಿಗೆ ಬಿ–ಖಾತೆ ಕೊಡುವ ಅಭಿಯಾನ ನಡೆದಾಗಲೂ ಜನರಲ್ಲಿದ್ದ ದೊಡ್ಡ ಗೊಂದಲ ಇದೇ ಆಗಿತ್ತು.

ಹಾಗಾದರೆ ನೆಲೆಗೆ ಗಟ್ಟಿಯಾದ ಕಾಗದವೇ ಇಲ್ಲದವರ ಗತಿಯೇನು? ಇದರ ಕಹಿ ಸವಣೂರಿಗೆ ಗೊತ್ತಿದೆ. 2010ರ ಜುಲೈ 20ರಂದು ಅಲ್ಲಿನ ಭಂಗಿ ಸಮುದಾಯದ ಜನರು ಪುರಸಭೆ ಕಚೇರಿಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಊರಿನ ಹೊಲಸು ಹೊತ್ತ ಕುಟುಂಬಗಳು ಅವು. ತಾವು ವಾಸವಾಗಿದ್ದ ಜಾಗದಿಂದ ಎಬ್ಬಿಸುವ ಪ್ರಯತ್ನದ ವಿರುದ್ಧ ಅವರು ಎತ್ತಿದ ಆ ದನಿ ರಾಜ್ಯದಲ್ಲೆಲ್ಲ ಕೇಳಿಸಿತು. ಊರನ್ನು ಚೊಕ್ಕಟವಾಗಿ ಇಡುವುದಕ್ಕೆಂದೇ ಇರುವ ತೆರಿಗೆ, ಊರನ್ನು ಚೊಕ್ಕಟ ಮಾಡಿದವರ ಸೂರನ್ನು ಕಾಯಲಾರದೆ ಹೋಯಿತು.

ಮನೆ ತೆರಿಗೆ ಕೊಡುವವರು ಕೇಳಬೇಕಾದ ಪ್ರಶ್ನೆಗಳು ಎರಡು. ತನ್ನ ಮನೆಗೆ ಕಟ್ಟಿದ ಬೆಲೆಯ ಲೆಕ್ಕ ಸರಿಯಿದೆಯೇ ಎಂಬುದು ಮೊದಲನೆಯದು. ವಿಸ್ತೀರ್ಣ, ಕಟ್ಟಡದ ಬಗೆ, ವಯಸ್ಸು, ದರ ಇವನ್ನು ಒಂದು ಹಾಳೆಯಲ್ಲಿ ಬರೆದು ನೋಡಿದರೆ ಉತ್ತರ ಸಿಕ್ಕುತ್ತದೆ. ತಪ್ಪಿದ್ದರೆ ಆಕ್ಷೇಪಿಸಲು ಅವಕಾಶವಿದೆ. ಎರಡನೆಯದು, ಹೀಗೆ ಸೇರಿದ ಹಣ ಯಾವ ಓಣಿಯ ದೀಪಕ್ಕೆ, ಯಾವ ಕೇರಿಯ ನೀರಿಗೆ ಹೋಯಿತು ಎಂಬುದು. ಇದಕ್ಕೆ ಉತ್ತರ ಪುರಸಭೆಯ ವಾರ್ಷಿಕ ಆಯವ್ಯಯದಲ್ಲಿರುತ್ತದೆ. ಮೊದಲನೆಯದನ್ನು ಪ್ರತಿಯೊಬ್ಬ ಮನೆಯ ಒಡೆಯನೂ ಕೇಳುತ್ತಾನೆ. ಎರಡನೆಯದನ್ನು ಕೇಳುವವರು ಹೆಚ್ಚಿದಷ್ಟೂ ಊರಿನ ಆಡಳಿತ ಊರಿನದಾಗುತ್ತದೆ.