ಗಣಿಯ ಗಂಟೆಯೂ ನಮ್ಮ ಪಹಣಿಯೂ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಹತ್ತಿರ ಹತ್ತಿರವೇ ಸಿಗುತ್ತವೆ. 1894ರಿಂದ ಇರುವ ಹಳಿ ಇದು. ಕಿಟಕಿಯಾಚೆ ಸಯನೈಡ್ ದಿಬ್ಬಗಳು, ಅವುಗಳ ನಡುವೆ ಗಣಿಬಾಯಿಯ ಮೇಲೆ ನಿಂತ ಕಬ್ಬಿಣದ ಗೋಪುರಗಳು. ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ನಮ್ಮ ರಾಜ್ಯದ ತಾಲೂಕು ಕಚೇರಿಗಳಿಗೆ ‘ಭೂಮಿ’ ಕಂಪ್ಯೂಟರ್ ಬಂತು.

ಗಣಿ ಮುಚ್ಚಿದ್ದಕ್ಕೂ ಪಹಣಿ ಕಂಪ್ಯೂಟರಿಗೆ ಹೋದದ್ದಕ್ಕೂ ನೇರ ಸಂಬಂಧ ಇಲ್ಲ. ಆದರೆ ನಿಮ್ಮ ಫೋನಿನಲ್ಲಿರುವ ಆಪ್‌ಗಳು ಹೇಗೆ ಕಟ್ಟಿದ್ದು ಅಂತ ತಿಳಿಯಬೇಕಾದರೆ ಈ ಎರಡೂ ಬೇಕು. ಅದನ್ನು ತಿಳಿದರೆ ಲಾಭವೂ ಇದೆ. ಪಹಣಿಯಲ್ಲಿ ತಪ್ಪು ಬಂದಾಗ ಯಾವ ಬಾಗಿಲು ತಟ್ಟಬೇಕು ಅನ್ನೋದು ಗೊತ್ತಾಗುತ್ತದೆ. ನಮಗೆ ಇದು ತಡವಾಗಿ ಗೊತ್ತಾಯಿತು, ಅದನ್ನು ಮುಂದೆ ಹೇಳುತ್ತೇವೆ.

ಕೇಜ್, ಮುಳ್ಳು, ಗಂಟೆ

ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರ್ ದಾಟಿತ್ತು. ಒಂದೇ ಇಳಿತದಲ್ಲಲ್ಲ, ಹಂತ ಹಂತವಾಗಿ ಇಳಿಯಬೇಕಿತ್ತು. ಕಾರ್ಮಿಕರನ್ನು ಇಳಿಸಿ ಹತ್ತಿಸುತ್ತಿದ್ದದ್ದು ಉಕ್ಕಿನ ಹಗ್ಗಕ್ಕೆ ಕಟ್ಟಿದ ಕೇಜ್. ಆ ಹಗ್ಗ ಸುತ್ತುವ ದೊಡ್ಡ ಉರುಳೆ ಇರುತ್ತಿದ್ದದ್ದು ಗಣಿಬಾಯಿಯಿಂದ ಸ್ವಲ್ಪ ದೂರದ ಎಂಜಿನ್ ಮನೆಯಲ್ಲಿ. ಅಲ್ಲಿ ಕೂತ ಡ್ರೈವರ್‌ಗೆ ಕೆಳಗಿನ ಕೇಜ್ ಕಾಣುವುದಿಲ್ಲ, ಅದರಲ್ಲಿ ನಿಂತ ಜನರೂ ಕಾಣುವುದಿಲ್ಲ.

ಅವನಿಗೆ ಇದ್ದದ್ದು ಎರಡೇ ಆಸರೆ. ಒಂದು, ಕೇಜ್ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಮುಳ್ಳು. ಇನ್ನೊಂದು, ಕೆಳಗಿನಿಂದ ಬರುವ ಗಂಟೆ. ಕೇಜ್ ಓಡುತ್ತಿರುವಾಗ ಒಂದು ಗಂಟೆ ಬಂದರೆ ನಿಲ್ಲಿಸು ಅಂತ. ಇಳಿಸು ಅನ್ನುವುದಕ್ಕೆ ಬೇರೆ ಲೆಕ್ಕ, ಜನ ಹತ್ತುತ್ತಿದ್ದಾರೆ ಅನ್ನುವುದಕ್ಕೆ ಇನ್ನೊಂದು ಲೆಕ್ಕ.

ಇಲ್ಲಿ ಮೂರು ವಸ್ತುಗಳಿವೆ, ಮೂರೂ ಬೇರೆ ಬೇರೆ. ಕೇಜ್ ನಿಜವಾಗಿ ಎಲ್ಲಿದೆ ಅನ್ನೋದು ಸತ್ಯ ಸಂಗತಿ. ಮುಳ್ಳು ಅದನ್ನು ತೋರಿಸುತ್ತದೆ ಅಷ್ಟೆ, ಮುಳ್ಳನ್ನು ಕೈಯಲ್ಲಿ ತಿರುಗಿಸಿದರೆ ಕೇಜ್ ಮೇಲೆ ಬರುವುದಿಲ್ಲ. ಗಂಟೆ ಕೋರಿಕೆ ಮಾತ್ರ. ಗಂಟೆ ಬಾರಿಸಿದ ಕೂಡಲೇ ಕೇಜ್ ತಾನಾಗಿ ಏಳುವುದಿಲ್ಲ, ಡ್ರೈವರ್ ಲೆಕ್ಕ ಕೇಳಿ, ಸರಿಯಿದ್ದರೆ ಉರುಳೆ ತಿರುಗಿಸುತ್ತಾನೆ. ಕೆಳಗಿನವನು ಅವಸರಕ್ಕೆ ತಪ್ಪು ಗಂಟೆ ಬಾರಿಸಿದರೂ ನಡುವೆ ತಡೆಯಲು ಒಬ್ಬ ಇದ್ದಾನೆ.

ಇನ್ನೊಂದು ವಿಷಯ. ಉಕ್ಕಿನ ಹಗ್ಗವೂ ಭಾರಕ್ಕೆ ಹಿಗ್ಗುತ್ತದೆ. ಆಗ ಮುಳ್ಳು ಒಂದು ಆಳ ಹೇಳುತ್ತದೆ, ಕೇಜ್ ಇನ್ನೊಂದು ಆಳದಲ್ಲಿರುತ್ತದೆ. ಮುಳ್ಳನ್ನು ಕೇಜ್ ಜೊತೆ ತಾಳೆ ನೋಡಿ ಸರಿಮಾಡುವುದೂ ಗಣಿ ಕೆಲಸದ ಭಾಗ. ಇದನ್ನು ನೆನಪಿಡಿ, ಪಹಣಿಗೆ ಬಂದಾಗ ಬೇಕಾಗುತ್ತದೆ.

ಒಂದೇ ಚೀಲದಲ್ಲಿ ಮೂರೂ

ಈಗ ಗಣಿ ಬಿಟ್ಟು ಸುತ್ತಲ ಹಳ್ಳಿಗೆ ಬನ್ನಿ. ಹಿಂದೆ ಊರಿನ ಜಮೀನಿನ ಲೆಕ್ಕ ಶಾನುಭೋಗರ ಕೈಲಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಆಮೇಲೆ ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ರಾಜ್ಯದಲ್ಲಿ ಅವರು ಸುಮಾರು 9,000 ಜನ ಇದ್ದರು, ಒಬ್ಬೊಬ್ಬರಿಗೆ ಮೂರ್ನಾಲ್ಕು ಹಳ್ಳಿ.

ಜನ ಬದಲಾದರು, ಏರ್ಪಾಡು ಬದಲಾಗಲಿಲ್ಲ. ಪಹಣಿ ಪುಸ್ತಕ ಲೆಕ್ಕಿಗರ ಹತ್ತಿರ. ನಮಗೆ ನಕಲು ಬೇಕಾದರೆ ಅದನ್ನು ನೋಡಿ ಬರೆದುಕೊಡುವವರೂ ಅವರೇ. ಖಾತೆ ಬದಲಾಗಬೇಕು ಅಂತ ಅರ್ಜಿ ತೆಗೆದುಕೊಳ್ಳುವವರೂ ಅವರೇ, ಪುಸ್ತಕದಲ್ಲಿ ಬರೆಯುವವರೂ ಅವರೇ. ಗಣಿ ಭಾಷೆಯಲ್ಲಿ ಹೇಳುವುದಾದರೆ ಕೇಜ್, ಮುಳ್ಳು, ಗಂಟೆ ಮೂರೂ ಒಂದೇ ಚೀಲದಲ್ಲಿ.

ಒಳ್ಳೆಯ ಲೆಕ್ಕಿಗರಿದ್ದ ಊರಲ್ಲಿ ಇದರಿಂದ ತೊಂದರೆ ಆಗಲಿಲ್ಲ. ಆದರೆ ಕೈಲಿರುವ ನಕಲು ಪುಸ್ತಕದಲ್ಲಿರುವುದಕ್ಕೆ ಸರಿಯಾಗಿದೆಯೇ, ನಮ್ಮ ಅರ್ಜಿ ಯಾಕೆ ನಿಂತಿದೆ, ನಮಗಿಂತ ಹಿಂದೆ ಕೊಟ್ಟವರದ್ದು ಹೇಗೆ ಮುಂದೆ ಹೋಯಿತು ಅಂತ ಹೊರಗಿನಿಂದ ನೋಡಿ ಹೇಳುವ ದಾರಿ ಇರಲಿಲ್ಲ. ದಾರಿ ಇಲ್ಲದ ಕಡೆ ಕೈಬೆಚ್ಚಗೆ ಮಾಡುವುದು ರೂಢಿಯಾಯಿತು.

ಹಡಗು ಕಟ್ಟೆಯಿಂದ ಬಂದ ವಿಚಾರ

ಇದೇ ತೊಡಕು ಕಂಪ್ಯೂಟರ್ ಪ್ರೋಗ್ರಾಂಗಳಲ್ಲೂ ಇತ್ತು. ಅದಕ್ಕೆ ಹೆಸರಿಟ್ಟು ಬಿಡಿಸಿದವರು ನಾರ್ವೆಯ ಟ್ರಿಗ್ವೆ ರೀನ್ಸ್‌ಕಾಗ್. ಅವರು ಮೊದಲು ತಮ್ಮ ದೇಶದಲ್ಲಿ ಹಡಗು ಕಟ್ಟುವ ಉದ್ಯಮಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದವರು. ಹಡಗು ಕಟ್ಟೆಯಲ್ಲಿ ಒಂದರ ಮೇಲೆ ಒಂದು ನಿಂತ ಸಾವಿರಾರು ಕೆಲಸಗಳು. ಒಬ್ಬ ಮ್ಯಾನೇಜರ್‌ಗೆ ಅದು ಪಟ್ಟಿಯಾಗಿ ಬೇಕು, ಇನ್ನೊಬ್ಬನಿಗೆ ಚಿತ್ರವಾಗಿ ಬೇಕು. ಆದರೆ ಒಳಗಿನ ಲೆಕ್ಕ ಒಂದೇ ಇರಬೇಕು.

1978ರಿಂದ 79ರವರೆಗೆ ಅವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದರು. ಹೌದು, ನಾವು ನಕಲು ಪ್ರತಿಗೆ ಜೆರಾಕ್ಸ್ ಅನ್ನುತ್ತೇವಲ್ಲ, ಅದೇ ಕಂಪನಿ. 1979ರಲ್ಲಿ ಅಲ್ಲಿ ಬರೆದ ಚಿಕ್ಕ ಟಿಪ್ಪಣಿಗಳಲ್ಲಿ ಅವರು ಪ್ರೋಗ್ರಾಂ ಅನ್ನು ಮೂರು ಪಾಲು ಮಾಡಿದರು. ಮಾಹಿತಿ ಇರುವ ಪಾಲು ಮಾಡೆಲ್, ಅದನ್ನು ತೋರಿಸುವ ಪಾಲು ವ್ಯೂ, ಬಳಸುವವರ ಬೆರಳಿನಿಂದ ಬರುವ ಕೋರಿಕೆಯನ್ನು ನೋಡಿಕೊಳ್ಳುವ ಪಾಲು ಕಂಟ್ರೋಲರ್. ಎಂ.ವಿ.ಸಿ. ಅಂತ ಕಂಪ್ಯೂಟರ್ ಕಲಿತ ಮಕ್ಕಳು ಹೇಳುವುದು ಇದನ್ನೇ. ಇಂದಿಗೂ ವೆಬ್‌ಸೈಟು, ಆಪ್‌ಗಳನ್ನು ಕಟ್ಟುವವರು ಒಂದಲ್ಲ ಒಂದು ರೂಪದಲ್ಲಿ ಈ ವಿಂಗಡಣೆ ಪಾಲಿಸುತ್ತಾರೆ.

ತಾಲೂಕು ಕಚೇರಿಯ ಎರಡನೇ ಪರದೆ

‘ಭೂಮಿ’ ಕಟ್ಟಿದವರು ರೀನ್ಸ್‌ಕಾಗ್ ಟಿಪ್ಪಣಿ ಮುಂದಿಟ್ಟುಕೊಂಡು ಕೂತಿದ್ದರು ಅಂತ ನಾವು ಹೇಳುತ್ತಿಲ್ಲ. ಆದರೆ ಕಚೇರಿಯ ಕೆಲಸವನ್ನು ಅವರು ಹಂಚಿದ ರೀತಿ ನೋಡಿದರೆ ಅದೇ ಮೂರು ಪಾಲು ಕಾಣುತ್ತದೆ.

ಮೊದಲನೆಯದು ಮಾಹಿತಿ. ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಒಂದು ತಾಲೂಕಿನಲ್ಲಿ ಭೂಮಿ ಕೇಂದ್ರ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ.

ಎರಡನೆಯದು ಮುಖ. 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ಅದಕ್ಕಿಂತ ದೊಡ್ಡದು, ಕೌಂಟರಿನಲ್ಲಿ ಇಟ್ಟ ಎರಡನೇ ಪರದೆ. ಒಂದು ಪರದೆ ಆಪರೇಟರ್ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಏನು ತೆರೆದಿದೆ ಅನ್ನೋದು ಈಚೆ ನಿಂತವನಿಗೂ ಕಾಣಬೇಕು ಅಂತ. ಪುಸ್ತಕವನ್ನು ತಲೆಕೆಳಗಾಗಿ ಇಣುಕಿ ನೋಡುತ್ತಿದ್ದ ನಮ್ಮ ಹಿರಿಯರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ.

ಮೂರನೆಯದು ಕೋರಿಕೆ. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರೆ ಕಂಪ್ಯೂಟರಿನಲ್ಲಿ ಕ್ರಮಸಂಖ್ಯೆ ಬೀಳುತ್ತದೆ, ಮೊದಲು ಬಂದವರದ್ದು ಮೊದಲು. ಅರ್ಜಿ ಕೊಟ್ಟ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ. ಆಗ ನೋಟಿಸ್ ಹೋಗುತ್ತಿತ್ತು, ತಕರಾರಿಗೆ 30 ದಿನ ಕಾಯುತ್ತಿದ್ದರು, ಕಂದಾಯ ನಿರೀಕ್ಷಕರ ಆದೇಶ ಬೇಕಿತ್ತು. ಒಳಗೆ ಬದಲಾಯಿಸುವವರು ಬೆರಳಚ್ಚು ಕೊಟ್ಟು ಕೂರಬೇಕು, ಯಾರು ಮಾಡಿದ್ದು ಅನ್ನೋದು ಉಳಿಯಲಿ ಅಂತ. ಗಂಟೆ ಬಾರಿಸುವವರು ಒಬ್ಬರು, ಉರುಳೆ ತಿರುಗಿಸುವವರು ಇನ್ನೊಬ್ಬರು.

ಹೀಗೆ ಬೇರೆ ಮಾಡಿದ್ದರ ಫಲ ಆಮೇಲೆ ಗೊತ್ತಾಯಿತು. ಮಾಹಿತಿ ಮುಟ್ಟದೆ ಮುಖಗಳನ್ನು ಹೆಚ್ಚಿಸಬಹುದು. ತಾಲೂಕು ಕೇಂದ್ರದಲ್ಲಿ ಮಾತ್ರ ಸಿಗುತ್ತಿದ್ದ ಪಹಣಿ ನಾಡಕಚೇರಿಗೆ ಬಂತು, ವೆಬ್‌ಸೈಟಿಗೆ ಬಂತು, ಈಗ ಫೋನಿಗೂ ಬಂದಿದೆ. ಕೋರಿಕೆಯ ಬಾಗಿಲುಗಳನ್ನೂ ಹೆಚ್ಚಿಸಬಹುದು. ಉಪನೋಂದಣಿ ಕಚೇರಿಯ ‘ಕಾವೇರಿ’ ತಂತ್ರಾಂಶದಲ್ಲಿ ಕ್ರಯಪತ್ರ ಆದರೆ ಸುದ್ದಿ ‘ಭೂಮಿ’ಗೆ ಬರುತ್ತದೆ, ಖಾತೆ ಬದಲಾವಣೆ ಅಲ್ಲಿಂದ ಶುರು. 2020ರಲ್ಲಿ ಬೆಳೆ ಸಮೀಕ್ಷೆ ಆಪ್ ರೈತರ ಕೈಗೇ ಬಂತು. ನೀವು ತೆಗೆದ ರಾಗಿ ಹೊಲದ ಫೋಟೋ ಕೋರಿಕೆಯ ಸಾಲಿನಲ್ಲಿರುತ್ತದೆ, ಪರಿಶೀಲನೆ ಆದ ಮೇಲೆ ಮಾಹಿತಿ ಆಗುತ್ತದೆ.

ಮುಳ್ಳಿನ ಜೊತೆ ಜಗಳ

ಈಗ ನಮ್ಮ ಕಥೆ. ನಮ್ಮಲ್ಲೊಬ್ಬರ ಮನೆಯ ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿತ್ತು. ಈ ಸೀಮೆಯ ಹೆಸರುಗಳು ನಿಮಗೆ ಗೊತ್ತೇ ಇದೆ. ಕಾಗದದಲ್ಲಿ ಮುನಿವೆಂಕಟಪ್ಪ, ಕರೆಯುವಾಗ ಮುನೆಂಕಟಪ್ಪ. ಮನೆಯಲ್ಲಿ ತೆಲುಗು, ಗಣಿ ಕೆಲಸದಲ್ಲಿ ತಮಿಳು, ದಾಖಲೆಯಲ್ಲಿ ಕನ್ನಡ. ಹಳೆಯ ಕೈಬರಹದ ಪುಸ್ತಕ ನೋಡಿ ಟೈಪ್ ಮಾಡಿದವರ ಕೈಯಲ್ಲಿ ಒಂದಕ್ಷರ ಹೋಗಿ ಇನ್ನೊಂದು ಬಂದಿತ್ತು. ಬ್ಯಾಂಕಿನವರು ಆಧಾರ್‌ಗೆ ತಾಳೆ ಆಗಲ್ಲ ಅಂದರು.

ನಾವು ಮಾಡಿದ್ದೇನು? ಕೌಂಟರಿಗೆ ಹೋಗಿ ಮೂರು ಸಲ ಪ್ರಿಂಟ್ ತೆಗೆಸಿದೆವು. ಮೂರು ಸಲವೂ ಅದೇ ತಪ್ಪು. ಸೈಬರ್ ಸೆಂಟರಿನಲ್ಲಿ ತೆಗೆಸಿದೆವು, ಅಲ್ಲೂ ಅದೇ. ಆಪರೇಟರ್ ಜೊತೆ ಜಗಳ ಆಯಿತು. ‘ನಾನೇನ್ ಮಾಡ್ಲಿ, ಒಳಗೆ ಹಂಗೇ ಐತೆ’ ಅಂದ. ಅವನು ಹೇಳಿದ್ದು ನಿಜ. ನಾವು ಮುಳ್ಳಿನ ಜೊತೆ ಜಗಳ ಆಡುತ್ತಿದ್ದೆವು, ಹೆಚ್ಚುಕಡಿಮೆ ಆಗಿದ್ದದ್ದು ಕೇಜ್‌ನಲ್ಲಿ. ಕೊನೆಗೆ ಹಳೆಯ ಕೈಬರಹದ ನಕಲು ಹುಡುಕಿ ತಿದ್ದುಪಡಿಗೆ ಅರ್ಜಿ ಕೊಟ್ಟು, ಆದೇಶ ಆಗುವಷ್ಟರಲ್ಲಿ ಆ ವರ್ಷದ ಸಾಲದ ಹೊತ್ತು ದಾಟಿತ್ತು. ಬಿತ್ತನೆಗೆ ಕೈಸಾಲ ಮಾಡಬೇಕಾಯಿತು.

ಮಾಹಿತಿ ಒಂದೇ ಕಡೆ ಇದ್ದರೆ ತಪ್ಪೂ ಒಂದೇ ಕಡೆ ಇದ್ದು ಎಲ್ಲ ಮುಖಗಳಲ್ಲೂ ಕಾಣುತ್ತದೆ. ಸರಿಮಾಡಿದರೆ ಅದೂ ಎಲ್ಲ ಕಡೆ ಸರಿಯಾಗುತ್ತದೆ, ಆದರೆ ಆ ಕಚೇರಿಗಳು ಮೂಲವನ್ನೇ ನೋಡುತ್ತಿರಬೇಕು. ಹಿಂದೊಮ್ಮೆ ನಕಲು ಮಾಡಿಟ್ಟುಕೊಂಡವರ ಹತ್ತಿರ ಹಳೆಯ ತಪ್ಪು ಹಾಗೇ ಕೂತಿರುತ್ತದೆ. ಗಣಿಯಲ್ಲಿ ಹಗ್ಗ ಹಿಗ್ಗಿದಂತೆಯೇ.

ಇನ್ನೊಂದು ಮಾತನ್ನು ಕೆಜಿಎಫ್ ಕಡೆಯವರು ನಮಗೆ ಕಲಿಸಿದರು. ಗಣಿ ನಡೆಯುತ್ತಿದ್ದಾಗ ಲೈನ್ ಮನೆಗಳಲ್ಲಿ ತಲೆಮಾರುಗಟ್ಟಲೆ ಬಾಳಿದವರಿಗೆ ಆ ನೆಲದ ಕಾಗದ ಇರಲಿಲ್ಲ, ಮನೆ ಕಂಪನಿಯದು. ಮಾಹಿತಿಯಲ್ಲಿ ನಿಮ್ಮ ಸಾಲೇ ಇಲ್ಲದಿದ್ದರೆ ಎಷ್ಟು ಚೆಂದದ ಪರದೆ ಇಟ್ಟರೂ ಅದು ಖಾಲಿಯೇ ಕಾಣುತ್ತದೆ.

ಹಾಗಾಗಿ ಮುಂದಿನ ಸಲ ಪಹಣಿ ವಿಷಯದಲ್ಲಿ ತೊಂದರೆ ಆದರೆ ಹೊರಡುವ ಮೊದಲು ಒಂದು ನಿಮಿಷ ಯೋಚಿಸಿ. ಫೋನಿನಲ್ಲಿ ತೆರೆಯುತ್ತಿಲ್ಲ, ಕೌಂಟರಿನಲ್ಲಿ ಸರಿ ಬರುತ್ತಿದೆಯೇ? ಹಾಗಿದ್ದರೆ ಹಾಳಾಗಿರುವುದು ಮುಖ, ಕಾದರೆ ಸಾಕು. ಅರ್ಜಿ ಕೊಟ್ಟಿದ್ದೀರಿ, ಏನೂ ಬದಲಾಗಿಲ್ಲವೇ? ಸ್ವೀಕೃತಿಯ ಸಂಖ್ಯೆ ಹಿಡಿದು ಅದು ಯಾರ ಮೇಜಿನಲ್ಲಿದೆ ಅಂತ ಕೇಳಿ. ಎಲ್ಲ ಕಡೆಯೂ ಒಂದೇ ತಪ್ಪು ಬರುತ್ತಿದೆಯೇ? ಆಗ ಮತ್ತೆ ಮತ್ತೆ ಪ್ರಿಂಟ್ ತೆಗೆಸಿ ದುಡ್ಡು ಕಳೆಯಬೇಡಿ, ತಿದ್ದುಪಡಿಗೆ ಅರ್ಜಿ ಹಾಕಿ. ಮನೆಯ ಟ್ರಂಕಿನಲ್ಲಿ ಹಳೆಯ ಕೈಬರಹದ ಪಹಣಿ ಇದ್ದರೆ ಎಸೆಯಬೇಡಿ. ಇವತ್ತು ಅದಕ್ಕೆ ಬೆಲೆ ಇಲ್ಲ ಅಂದರೂ, ಕೇಜ್ ಎಲ್ಲಿತ್ತು ಅನ್ನುವುದಕ್ಕೆ ನಿಮ್ಮ ಹತ್ತಿರ ಉಳಿದಿರುವ ಗುರುತು ಅದೊಂದೇ ಇರಬಹುದು.