ಕೋಲಾರದ ಅರ್ಧ ಪಾಠ



ಹೊಸಹಳ್ಳಿಯ ತರಗತಿಯಲ್ಲಿ ಕೋಲಾರವೆಂದರೆ ಚಿನ್ನ ಎಂದು ನಿಮ್ಮಿಂದ ಬರೆಯಿಸಿದವನು ನಾನು. ಅದು ತಪ್ಪಲ್ಲ, ಆದರೆ ಅರ್ಧ ಪಾಠ. ಉಳಿದರ್ಧವನ್ನು ನಾನೇ ಅರಿತದ್ದು ನಿವೃತ್ತಿಯ ತರುವಾಯ. ಆ ಋಣವನ್ನು ಇಂದು ತೀರಿಸುತ್ತಿದ್ದೇನೆ.

ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ವಿಜ್ಞಾನಿಯಾಗಿ 1951ರಲ್ಲಿ ಕೋಲಾರದ ಗಣಿಗೆ ಇಳಿದರು. ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಯಾನ್ ಕಣಗಳು ಬಂಡೆಯೊಳಗೆ ಎಷ್ಟು ಆಳ ಇಳಿಯುತ್ತವೆ ಎಂದು ಅಳೆಯುವುದು ಉದ್ದೇಶ. ಇಳಿದಂತೆಲ್ಲ ಎಣಿಕೆ ಕುಗ್ಗಿತು. ಅರುವತ್ತರ ದಶಕದಲ್ಲಿ ಅತ್ಯಂತ ಆಳದ ತಾಣದಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಸಿಗಲಿಲ್ಲ. ಆ ಬರಿಗೈಯೇ ವರವಾಯಿತು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊವನ್ನು ಹುಡುಕಬಹುದಲ್ಲವೇ?

ನ್ಯೂಟ್ರಿನೊಗೆ ವಿದ್ಯುದಂಶವಿಲ್ಲ, ಭೂಮಿಯನ್ನೇ ತೂರಿ ಹೋಗುತ್ತದೆ. ಅಪರೂಪಕ್ಕೆ ಬಂಡೆಯ ಪರಮಾಣುಬೀಜಕ್ಕೆ ತಾಗಿದಾಗ ಒಂದು ಮ್ಯೂಯಾನ್ ಹುಟ್ಟಬಹುದು. ಅದು ಮೇಲಿನಿಂದ ಇಳಿದದ್ದಲ್ಲವೆಂದು ತಿಳಿಯುವುದು ಹೇಗೆ? ಇಲ್ಲಿ ನೆರವಾದದ್ದು ಅನಿಲ. ನಿಯಾನ್ ತುಂಬಿದ ಗಾಜಿನ ಕೊಳವೆಗಳನ್ನು ಸಾಲಾಗಿ ಜೋಡಿಸಿದ್ದರು. ಕಣವು ಹಾದೊಡನೆ ಅಧಿಕ ವೋಲ್ಟೇಜ್ ಹಾಯಿಸಿದರೆ ಅದು ಹಾದ ಕೊಳವೆಗಳು ಮಾತ್ರ ಬೆಳಗುತ್ತವೆ. ಅವುಗಳ ಛಾಯಾಚಿತ್ರವೇ ಕಣದ ಹೆಜ್ಜೆಗುರುತು. ಅಷ್ಟು ಆಳಕ್ಕೆ ಮೇಲಿನಿಂದ ಬರುವ ಮ್ಯೂಯಾನ್ ಬಹುಮಟ್ಟಿಗೆ ನೇರವಾಗಿಯೇ ಇಳಿಯಬೇಕು; ಅಡ್ಡಲಾಗಿ ಬರಲು ಅದು ಹತ್ತಾರು ಕಿಲೋಮೀಟರ್ ಬಂಡೆಯನ್ನು ದಾಟಬೇಕು. ಅದು ಅಸಾಧ್ಯ. ಆದ್ದರಿಂದ ಅಡ್ಡ ಗೆರೆಯೆಂದರೆ ನ್ಯೂಟ್ರಿನೊದ ರುಜು.

1965ರಲ್ಲಿ, ಚಾಂಪಿಯನ್ ರೀಫ್ ಗಣಿಯ ಸುಮಾರು 2300 ಮೀಟರ್ ಆಳದಲ್ಲಿ ಆ ರುಜು ದೊರೆಯಿತು. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ಜಪಾನಿನ ಮಿಯಾಕೆ, ಇಂಗ್ಲೆಂಡಿನ ವುಲ್ಫೆಂಡೇಲ್ ಮೊದಲಾದವರ ಲೇಖನ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಇದನ್ನೇ ಹುಡುಕುತ್ತಿದ್ದ ರೈನ್ಸ್ ತಂಡದ ಲೇಖನ ಬಂದದ್ದು ಅದಾದ ಎರಡು ವಾರಕ್ಕೆ. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಜಗತ್ತು ಮೊದಲು ಕಂಡದ್ದು ಹೀಗೆ.

ಇಂದಿನ ಕೃಷ್ಣದ್ರವ್ಯದ ಬೇಟೆಗಾರರೂ ಅನಿಲವನ್ನು ಕೇಳುವುದು ದಿಕ್ಕನ್ನೇ. ಇಂಗ್ಲೆಂಡಿನ ಬೌಲ್ಬಿ ಗಣಿಯ ಡ್ರಿಫ್ಟ್ ಪ್ರಯೋಗದಲ್ಲಿ ವಾತಾವರಣದ ಇಪ್ಪತ್ತನೇ ಒಂದು ಭಾಗದಷ್ಟು ಒತ್ತಡದ ಅನಿಲವನ್ನು ಬಳಸಿದರು. ಬಂಡೆಯಿಂದ ಹೊರಟ ನ್ಯೂಟ್ರಾನ್ ಕೂಡ ಕೃಷ್ಣದ್ರವ್ಯದ ಕಣದಂತೆಯೇ ಪರಮಾಣುಬೀಜವನ್ನು ತಳ್ಳಿ ಮೋಸಮಾಡಬಲ್ಲದು. ಆದರೆ ಕೃಷ್ಣದ್ರವ್ಯದ ಗಾಳಿ ಬೀಸಬೇಕಾದದ್ದು, ಸೂರ್ಯನು ಸಾಗುತ್ತಿರುವ ರಾಜಹಂಸ ನಕ್ಷತ್ರಪುಂಜದ ಕಡೆಯಿಂದ. ಅದು ಇನ್ನೂ ಕೈಗೆ ಸಿಕ್ಕಿಲ್ಲ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶ್ರೀಕಂಠನ್ 2019ರಲ್ಲಿ ತೀರಿಕೊಂಡರು. ನಿಮ್ಮಲ್ಲಿ ಹಲವರು ಈಗ ಉಪಾಧ್ಯಾಯರಾಗಿದ್ದೀರಿ. ಕೋಲಾರವೆಂದರೇನು ಎಂದು ಮಕ್ಕಳನ್ನು ಕೇಳುವಾಗ, ನಾನು ಬಿಟ್ಟ ಅರ್ಧವನ್ನೂ ಹೇಳಿಕೊಡಿ.