ಹೊರಾಂಗಣ ಚಿತ್ರೀಕರಣದಲ್ಲಿ ಮಾತಿನ ಧ್ವನಿಗ್ರಹಣ

ಸುತ್ತಲಿನ ಸದ್ದು ತಗ್ಗಿಸಿ, ನಟರ ಮಾತನ್ನು ಚಿತ್ರೀಕರಣದ ಜಾಗದಲ್ಲೇ ಮುದ್ರಿಸಿಕೊಳ್ಳುವುದಕ್ಕೆ ಚಿತ್ರರಂಗದಲ್ಲಿ ಸಿಂಕ್ ಸೌಂಡ್ ಎನ್ನುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾದ ಕಡಲತೀರದಲ್ಲಿ ಇದು ಕಷ್ಟದ ಕೆಲಸ. ಅಲೆಯ ಮೊರೆತಕ್ಕೆ ಬಿಡುವಿಲ್ಲ. ಹೆದ್ದಾರಿ 66 ಮೂರೂ ಊರುಗಳನ್ನು ಹಾದುಹೋಗುತ್ತದೆ; 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗವೂ ಅಷ್ಟೇ. ಜೂನ್‌-ಜುಲೈನ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರಿಕ ದೋಣಿಗಳು ಸುಮ್ಮನಾಗುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. 1996ರ ‘ನಮ್ಮೂರ ಮಂದಾರ ಹೂವೆ’ ಚಿತ್ರದಿಂದ ಹೆಸರಾದ ಯಾಣದಂಥ ಕಾಡಿಗೆ ಹೋದರೆ ಜೀರುಂಡೆಗಳ ಕಾಟ. ಸ, ಶ ಅಕ್ಷರಗಳು ಸ್ಪಷ್ಟವಾಗಲು ಬೇಕಾದ ಮೇಲಿನ ಕಂಪನಾಂಕಗಳಲ್ಲೇ ಅವೂ ಕಿರುಗುಟ್ಟುತ್ತವೆ.

ಈ ತೊಡಕು ವಾಕ್ಚಿತ್ರದಷ್ಟೇ ಹಳೆಯದು. 1931ರ ‘ಆಲಂ ಆರಾ’ ತಯಾರಾದ ಮುಂಬಯಿಯ ಸ್ಟುಡಿಯೊ ರೈಲು ಹಳಿಯ ಪಕ್ಕದಲ್ಲಿತ್ತು. ಅರ್ದೇಶಿರ್ ಇರಾನಿಯವರ ತಂಡ ರೈಲು ಓಡಾಟ ನಿಂತ ನಡುರಾತ್ರಿಯ ನಂತರ, ನಟರ ಹತ್ತಿರ ಮೈಕ್ ಬಚ್ಚಿಟ್ಟು ಚಿತ್ರೀಕರಿಸಿತು.

ಮುಂದೆ ಹಗುರವಾದ ಏರಿಫ್ಲೆಕ್ಸ್ 2ಸಿ ಕ್ಯಾಮೆರಾ ಚಿತ್ರತಂಡಗಳನ್ನು ಬಯಲಿಗೆ ತಂದಿತು. ಆದರೆ ಅದರ ಗರಗರ ಸದ್ದು ನೇರ ಮೈಕಿಗೇ ಬೀಳುತ್ತಿತ್ತು. ಸದ್ದಡಗಿಸುವ ಕವಚ ತೊಡಿಸಿದರೆ ಹಗುರತನವೇ ಹೋಯಿತು. ಸ್ಥಳದಲ್ಲಿ ಗುರುತಿಗಷ್ಟೇ ಪೈಲಟ್ ಟ್ರ್ಯಾಕ್ ಮುದ್ರಿಸಿ, ಮಾತನ್ನು ಮದ್ರಾಸಿನಲ್ಲಿ ಡಬ್ ಮಾಡುವುದು ಕನ್ನಡ ಚಿತ್ರರಂಗದ ರೂಢಿಯಾಯಿತು. 1954ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದು ಆ ಪರಾವಲಂಬನೆಯನ್ನು ತಗ್ಗಿಸಿದ ದೊಡ್ಡ ಹೆಜ್ಜೆ. ಡಬ್ಬಿಂಗ್‌ನಲ್ಲಿ ಮಾತು ಸ್ವಚ್ಛವಾಗಿ ಸಿಗುತ್ತದೆ, ನಿಜ. ಆದರೆ ಗಾಳಿಗೆದುರು ಕೂಗಿದವನ ಏದುಸಿರು ಹವಾನಿಯಂತ್ರಿತ ಕೋಣೆಯಲ್ಲಿ ಮರಳಿ ಹುಟ್ಟುವುದಿಲ್ಲ. ಹವ್ಯಕ, ಹಾಲಕ್ಕಿ ಕನ್ನಡದ ರಾಗ ಬೇರೆಯವರ ಕಂಠದಾನದಲ್ಲಿ ಸವೆದುಹೋಗುವುದು ಇನ್ನೂ ದೊಡ್ಡ ನಷ್ಟ.

ತೀರದಲ್ಲಿ ಕೆಲಸ ಮಾಡುವ ಧ್ವನಿಗ್ರಾಹಕ ಮೊದಲು ನೋಡುವುದು ಗಾಳಿಯ ದಿಕ್ಕನ್ನು. ಬೂಮ್ ಕೋಲಿನ ತುದಿಯ ಶಾಟ್‌ಗನ್ ಮೈಕಿಗೆ ಜಾಲರಿಯ ಗೂಡು, ಅದರ ಮೇಲೆ ತುಪ್ಪಳದ ಹೊದಿಕೆ. ಎಳೆಗಳ ನಡುವೆ ಗಾಳಿಯ ರಭಸ ಮುರಿದು ಗುಡುಗುಡು ತಗ್ಗುತ್ತದೆ. ಅಲೆಗೆ ಈ ಉಪಾಯ ನಡೆಯದು. ಅದರ ಸದ್ದು ಕೆಳಗಿನಿಂದ ಮೇಲಿನ ಕಂಪನಾಂಕಗಳವರೆಗೂ ಹರಡಿರುವುದರಿಂದ ಫಿಲ್ಟರ್ ಹಾಕಿದರೆ ಮಾತೂ ತೆಳುವಾಗುತ್ತದೆ. ಹಾಗಾಗಿ ಮೈಕಿನ ಬೆನ್ನು ಕಡಲಿಗೆ ಬರುವಂತೆ ನಿಂತು, ಬಾಯಿಗೆ ಆದಷ್ಟು ಹತ್ತಿರ ಹಿಡಿಯಬೇಕು. ಬಯಲಿನಲ್ಲಿ ದೂರ ಅರ್ಧವಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ. ಜನರೇಟರ್ ವ್ಯಾನ್ ದೂರ ನಿಲ್ಲಬೇಕು. ಟೇಕ್ ಮುಗಿದ ಮೇಲೆ ಎಲ್ಲರೂ ಅಲುಗದೆ ನಿಂತಿರುವಾಗ ಬರಿಯ ಅಲೆಯ ಸದ್ದನ್ನು ಬೇರೆಯಾಗಿ ಮುದ್ರಿಸುತ್ತಾರೆ. ಸಂಕಲನದಲ್ಲಿ ಮಾತುಗಳ ನಡುವಿನ ಹೊಲಿಗೆಗೆ ಅದೇ ಬೇಕು.

ಭುಜ್ ಬಳಿ ಚಿತ್ರಿಸಿದ ‘ಲಗಾನ್’ (2001) ಸಿಂಕ್ ಸೌಂಡಿಗೆ ಭಾರತದಲ್ಲಿ ಮತ್ತೆ ಬೆಲೆ ತಂದಿತು. ಕನ್ನಡದಲ್ಲಿ ಮಲ್ಪೆಯ ‘ಉಳಿದವರು ಕಂಡಂತೆ’ (2014), ಮಂಡ್ಯ ಸೀಮೆಯ ‘ತಿಥಿ’ ಆ ದಾರಿ ಹಿಡಿದವು. ಸಿಂಕ್ ಸೌಂಡ್ ಚಿತ್ರಗಳಿಗಷ್ಟೇ ಮೀಸಲಾದ ರಾಷ್ಟ್ರಪ್ರಶಸ್ತಿ 2022ರಲ್ಲಿ ‘ಡೊಳ್ಳು’ ಚಿತ್ರಕ್ಕೆ ಘೋಷಣೆಯಾದಾಗ, ಅದು ಡಬ್ ಆದ ಚಿತ್ರವೆಂದು ಅದರ ಧ್ವನಿ ವಿನ್ಯಾಸಕ ನಿತಿನ್ ಲೂಕೋಸ್ ಅವರೇ ಬಹಿರಂಗವಾಗಿ ಹೇಳಿದರು.